ದುಡಿಮೆಗೆ ಹಳೆಯ ಪಿಕಪ್ ಕೊಳ್ಳುವುದು ಹೇಗೆ: ಕಾಗದಪತ್ರದಿಂದ ಚಾಸಿಸ್‌ವರೆಗೆ ಪರಿಶೀಲನೆಯ ಕ್ರಮ

ಸರಕು ಸಾಗಿಸಿ ಸಂಪಾದಿಸಲೆಂದು ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಹೊರಟವರು ಅದನ್ನು ಕಾರು ನೋಡುವ ಕಣ್ಣಿನಿಂದ ನೋಡಬಾರದು. ಕಾರಿನ ಸವೆತವನ್ನು ಓಡಿದ ಕಿಲೋಮೀಟರುಗಳಿಂದ ಹೆಚ್ಚುಕಡಿಮೆ ಅಳೆಯಬಹುದು. ಪಿಕಪ್ಪಿನ ಸವೆತವನ್ನು ಅದು ಹೊತ್ತ ಲೋಡಿನಿಂದಲೇ ಅಳೆಯಬೇಕು. ಒಂದೇ ವರ್ಷದ, ಒಂದೇ ಮಾದರಿಯ, ಒಂದು ಲಕ್ಷ ಕಿಲೋಮೀಟರ್ ಓಡಿದ ಎರಡು ಗಾಡಿಗಳಲ್ಲಿ ಒಂದು ಬೇಕರಿಗೆ ಬ್ರೆಡ್ಡು, ಬನ್ನು ಸಾಗಿಸಿದ್ದು ಮತ್ತೊಂದು ಕ್ರಷರಿನಿಂದ ಎಂ-ಸ್ಯಾಂಡ್ ಹೊತ್ತಿದ್ದರೆ, ಮೀಟರು ಎರಡಕ್ಕೂ ಒಂದೇ ಲೆಕ್ಕ ತೋರಿಸಿದರೂ ಅವು ಎರಡು ಬೇರೆ ಬೇರೆ ವಯಸ್ಸಿನ ಗಾಡಿಗಳು. ಆದ್ದರಿಂದ ಪರಿಶೀಲನೆಯ ಕ್ರಮವನ್ನೇ ತಿರುಗಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಕಾಗದ, ನಂತರ ಚಾಸಿಸ್ (ಗಾಡಿಯ ತಳಚೌಕಟ್ಟು), ಆಮೇಲೆ ಪಾಟಾ (ಲೀಫ್ ಸ್ಪ್ರಿಂಗ್) ಮತ್ತು ಆಕ್ಸಲ್, ಕೊನೆಯಲ್ಲಿ ಎಂಜಿನ್. ಹೆಚ್ಚಿನವರು ಬಾನೆಟ್ ಎತ್ತುವುದರಿಂದಲೇ ಆರಂಭಿಸುತ್ತಾರೆ. ಆದರೆ ಎಂಜಿನ್ ಕೆಲಸವನ್ನು ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಮಾಡಿಸಬಹುದು, ಬಾಗಿದ ಚಾಸಿಸನ್ನೂ ಕೆಟ್ಟ ಕಾಗದವನ್ನೂ ಯಾವ ಗ್ಯಾರೇಜಿನಲ್ಲೂ ಸರಿಪಡಿಸಲಾಗದು.

ಮೊದಲು ತೂಕದ ಲೆಕ್ಕ

ಗಾಡಿ ಹುಡುಕುವ ಮೊದಲು, ದಿನವೂ ಯಾವ ಸರಕು, ಎಷ್ಟು ತೂಕ, ಎಂಥ ರಸ್ತೆಯಲ್ಲಿ ಹೋಗಬೇಕೆಂಬುದನ್ನು ಬರೆದಿಟ್ಟುಕೊಳ್ಳಿ. ಸಿಮೆಂಟಿನ ಒಂದು ಮೂಟೆ 50 ಕಿಲೋ. 25 ಮೂಟೆಗೆ 1,250 ಕಿಲೋ ಆಗುತ್ತದೆ. ಕೋಲಾರದ ಮಾರುಕಟ್ಟೆಯ ಲೆಕ್ಕದಲ್ಲಿ ಟೊಮೆಟೊ ಬಾಕ್ಸಿಗೆ 15 ಕಿಲೋ ಹಿಡಿದರೆ 80 ಬಾಕ್ಸಿನಲ್ಲಿ ಹಣ್ಣೇ 1,200 ಕಿಲೋ, ಕ್ರೇಟಿನ ತೂಕ ಬೇರೆ.

ಮಾರುವವರು ‘ಒಂದೂವರೆ ಟನ್ನಿನ ಗಾಡಿ’ ಎಂದು ಬಾಯಿಮಾತಿನಲ್ಲಿ ಹೇಳುವುದನ್ನು ನಂಬಿ ಕೂರುವ ಅಗತ್ಯವಿಲ್ಲ. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಗಾಡಿಯ ಒಟ್ಟು ತೂಕವೂ ಖಾಲಿ ತೂಕವೂ ನಮೂದಾಗಿರುತ್ತವೆ. ಒಟ್ಟು ತೂಕ 2,990 ಕಿಲೋ, ಖಾಲಿ ತೂಕ 1,690 ಕಿಲೋ ಎಂದಿದ್ದರೆ ಹೊರಬಹುದಾದದ್ದು 1,300 ಕಿಲೋ. ಆದರೆ ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಚಾಲಕನ ಮತ್ತು ಸಹಾಯಕನ ತೂಕ ಸೇರುವುದಿಲ್ಲ, ಆದ್ದರಿಂದ ಇಬ್ಬರು ಕೂತರೆ ಸುಮಾರು 130 ಕಿಲೋ ಆ 1,300ರಲ್ಲೇ ಕಳೆಯುತ್ತದೆ. ಹಿಂದಿನ ಮಾಲೀಕರು ಲೋಡ್ ಬಾಡಿಯ ಸುತ್ತ ಎತ್ತರದ ಕಬ್ಬಿಣದ ಜಾಲರಿ, ನೆಲಕ್ಕೆ ದಪ್ಪ ಶೀಟು, ಮುಂದೆ ಗಾರ್ಡು ಹಾಕಿಸಿದ್ದರೆ ಅದೂ ನಿಮ್ಮ ಲೋಡಿನಿಂದಲೇ ಕಡಿತವಾಗುತ್ತದೆ. ಕೊಳ್ಳುವ ಹಂತಕ್ಕೆ ಬಂದ ಗಾಡಿಯನ್ನು ಖಾಲಿಯಾಗಿಯೇ ಹತ್ತಿರದ ವೇಬ್ರಿಡ್ಜಿಗೆ ಒಯ್ದು ತೂಗಿಸಿ ಚೀಟಿ ಪಡೆಯಿರಿ. ಆರ್‌ಸಿಯ ಖಾಲಿ ತೂಕಕ್ಕೂ ಚೀಟಿಗೂ ನೂರಾರು ಕಿಲೋ ವ್ಯತ್ಯಾಸ ಬಂದರೆ, ಆ ಕಬ್ಬಿಣವನ್ನು ಹೊತ್ತುಕೊಂಡೇ ನೀವು ಡೀಸೆಲ್ ಸುಡಬೇಕಾಗುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಹೆಚ್ಚುವರಿ ಲೋಡಿಗೆ 20,000 ರೂಪಾಯಿ ದಂಡವನ್ನೂ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ನಿಗದಿಪಡಿಸಿದೆ. ಹೆಚ್ಚಿನ ಸರಕನ್ನು ಇಳಿಸದೆ ಗಾಡಿ ಮುಂದೆ ಸಾಗುವಂತಿಲ್ಲ. ನಿತ್ಯದ ಲೋಡು ಗಾಡಿಯ ಮಿತಿಯ ಮುಕ್ಕಾಲು ಭಾಗದೊಳಗೆ ನಿಲ್ಲುವಂತೆ ಗಾಡಿ ಆರಿಸಿದರೆ ಗಾಡಿಯೂ ಬಾಳುತ್ತದೆ, ಸುಗ್ಗಿಯ ದಿನಗಳಲ್ಲಿ ಒಂದಿಷ್ಟು ಹೆಚ್ಚು ತುಂಬಲೂ ಅವಕಾಶವಿರುತ್ತದೆ.

ಮಾದರಿಯ ಆಯ್ಕೆ

ಕರ್ನಾಟಕದ ಹಳೆಯ ಗಾಡಿಗಳ ಪೇಟೆಯಲ್ಲಿ ಆಯ್ಕೆ ದೊಡ್ಡದಲ್ಲ. ಮಹೀಂದ್ರ ಬೊಲೆರೊ ಪಿಕಪ್ಪಿನ 2,523 ಸಿಸಿ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕುಗಳು ಎಲ್ಲ ಊರುಗಳಲ್ಲಿ ಸಿಗುತ್ತಾರೆ, ಬಿಡಿಭಾಗಗಳೂ ಸುಲಭ. ಅದೇ ಕಾರಣಕ್ಕೆ ಅದರ ಮರುಮಾರಾಟದ ಬೆಲೆ ಇಳಿಯುವುದೂ ನಿಧಾನ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ 1,478 ಸಿಸಿಯ ಮೂರು ಸಿಲಿಂಡರಿನದು. ಪೇಟೆಯೊಳಗಿನ ಸಾಗಣೆಗೆ ಹಿತವಾದದ್ದು, ಆದರೆ ತುಂಬಿದ ಲೋಡಿನಲ್ಲಿ ದಿನವೂ ಘಾಟಿ ಹತ್ತುವವರಿಗೆ ನಾನು ಅದನ್ನು ಹೇಳಲಾರೆ. ಟಾಟಾದ ಹಳೆಯ 207 ಡಿಐ ಗಾಡಿಗಳು ಈಗಲೂ ಅಗ್ಗಕ್ಕೆ ಸಿಗುತ್ತವೆ, ಎಂಜಿನ್ ಗಟ್ಟಿ, ಆದರೆ ವಯಸ್ಸಾಗಿವೆ. ಯೋಧ ಅದರ ನಂತರದ ಪೀಳಿಗೆ. ಇಸುಜು ಡಿ-ಮ್ಯಾಕ್ಸ್ ಓಡಿಸಲು ಸುಖಕರ, ಆದರೆ ಸರ್ವಿಸ್ ಕೇಂದ್ರ ದೂರವಿರುವ ಊರಿನಲ್ಲಿ ಅದು ಕೆಟ್ಟು ನಿಂತರೆ ದಿನದ ಬಾಡಿಗೆ ತಪ್ಪುತ್ತದೆ.

ಇನ್ನೊಂದು ಗೆರೆ 2020ರ ಏಪ್ರಿಲ್ 1. ಅಂದಿನಿಂದ ದೇಶದಲ್ಲಿ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ಮಾನದಂಡ ಪಾಲಿಸುವ ಹೊಸ ಗಾಡಿಗಳನ್ನಷ್ಟೇ ಮಾರಲಾಗುತ್ತಿದೆ. ಡೀಸೆಲ್ ಬಿಎಸ್ 6 ಗಾಡಿಯ ಸೈಲೆನ್ಸರಿನ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಒಂದೇ ವೇಗದಲ್ಲಿ ಒಂದಷ್ಟು ದೂರ ಓಡಬೇಕು. ಬೆಳಗಿನಿಂದ ಸಂಜೆಯವರೆಗೆ ಎರಡೆರಡು ಕಿಲೋಮೀಟರಿಗೆ ನಿಂತು ಸಾಗುವ ನಗರದ ಕೆಲಸಕ್ಕೆ ಹಚ್ಚಿದ್ದ ಗಾಡಿಯಲ್ಲಿ ಈ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕೆಲವರು ಅದನ್ನು ಕಳಚಿಸಿ ಮಾರುವುದೂ ಉಂಟು. ಗುರುತಿಸುವುದು ಸುಲಭ: ಬಿಎಸ್ 6 ಗಾಡಿಯ ಸೈಲೆನ್ಸರ್ ಪೈಪಿನೊಳಗೆ ಬೆರಳಾಡಿಸಿದಾಗ ದಟ್ಟ ಮಸಿ ಅಂಟಿದರೆ ಫಿಲ್ಟರ್ ಕೆಟ್ಟಿದೆ, ಇಲ್ಲವೇ ಅಲ್ಲಿ ಇಲ್ಲ.

ಕಾಗದಪತ್ರಗಳ ಪರೀಕ್ಷೆ

ಈ ಕೆಲಸವನ್ನು ಗಾಡಿ ನೋಡಲು ಹೊರಡುವ ಮೊದಲೇ ಮನೆಯಲ್ಲಿ ಕೂತು ಅರ್ಧದಷ್ಟು ಮುಗಿಸಬಹುದು. ನೋಂದಣಿ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿದರೆ ನೋಂದಣಿಯ ದಿನಾಂಕ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮತ್ತು ವಿಮೆಯ ಅವಧಿ, ಸಾಲವಿದ್ದರೆ ಅದರ ವಿವರ ತಿಳಿಯುತ್ತವೆ. ಬಾಕಿ ದಂಡಗಳನ್ನು ಇ-ಚಲನ್ ಜಾಲತಾಣದಲ್ಲಿ ನೋಡಬಹುದು. ದಂಡದ ಮೊತ್ತಕ್ಕಿಂತ ಅದು ಬಿದ್ದ ಸ್ಥಳ ಮತ್ತು ಕಾರಣ ನಮಗೆ ಮುಖ್ಯ, ಏಕೆಂದರೆ ಒಂದೇ ಹೆದ್ದಾರಿಯಲ್ಲಿ ಮತ್ತೆ ಮತ್ತೆ ಓವರ್‌ಲೋಡ್ ಪ್ರಕರಣ ದಾಖಲಾಗಿದ್ದರೆ ಗಾಡಿಯ ಚರಿತ್ರೆಯನ್ನು ಮಾಲೀಕರ ಬಾಯಿಂದ ಕೇಳಬೇಕಾಗಿಲ್ಲ. ಫಾಸ್ಟ್ಯಾಗ್ ಖಾತೆಯ ಹಿಂದಿನ ತಿಂಗಳುಗಳ ವಿವರವನ್ನು ತೋರಿಸಲು ಕೇಳುವುದೂ ಒಳ್ಳೆಯ ಉಪಾಯ. ‘ಊರೊಳಗಷ್ಟೇ ಓಡಿಸಿದ್ದು’ ಎಂಬ ಮಾತು ನಿಜವೋ ಅಲ್ಲವೋ ಎಂಬುದು ಟೋಲ್ ಗೇಟುಗಳ ಪಟ್ಟಿಯಿಂದ ಗೊತ್ತಾಗುತ್ತದೆ.

ಎಫ್‌ಸಿ ಅವಧಿಯನ್ನು ಬೆಲೆಯ ಭಾಗವೆಂದೇ ತಿಳಿಯಬೇಕು. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ. ಎಂಟನೆಯ ವರ್ಷ ಮುಗಿಯುವ ಹೊತ್ತಿಗೆ ಗಾಡಿಗಳು ಹೆಚ್ಚಾಗಿ ಮಾರಾಟಕ್ಕೆ ಬರುವುದಕ್ಕೆ ಇದೂ ಒಂದು ಕಾರಣ. ಎಫ್‌ಸಿ ತೀರಿದ ಗಾಡಿಯಾದರೆ, ‘ಎಫ್‌ಸಿ ಮಾಡಿಸಿಕೊಟ್ಟರೆ ಹಣ’ ಎಂಬ ಷರತ್ತಿಗೆ ಅಂಟಿಕೊಳ್ಳಿ. ಆ ನೆಪದಲ್ಲಿ ಬ್ರೇಕು, ದೀಪ, ಪ್ರತಿಫಲಕ ಪಟ್ಟಿ ಎಲ್ಲವೂ ಮಾರುವವರ ಖರ್ಚಿನಲ್ಲೇ ಸರಿಯಾಗುತ್ತವೆ.

ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟಿನ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಿನ ತೂಕದ ಪಿಕಪ್ಪಾದರೆ ಪರ್ಮಿಟ್ ಇದೆಯೇ, ಅದರ ಅವಧಿ ಎಷ್ಟು, ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಮಾಲೀಕರು ಸಹಿ ಹಾಕುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಬಿಳಿ ಬೋರ್ಡಿನಲ್ಲಿ ಖಾಸಗಿಯಾಗಿ ನೋಂದಣಿಯಾದ ಪಿಕಪ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಬಾಡಿಗೆಗೆ ಓಡಿಸಿದರೆ ಅಪಘಾತದ ದಿನ ವಿಮಾ ಕಂಪನಿಯೊಡನೆ ವ್ಯಾಜ್ಯ ತಪ್ಪದು. ಚಾಲನಾ ಪರವಾನಗಿಯ ವಿಷಯದಲ್ಲಿ ಮಾತ್ರ ಈಗ ನಿಶ್ಚಿಂತೆಯಿಂದಿರಬಹುದು: ಲಘು ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕಿಲೋವರೆಗಿನ ಸಾರಿಗೆ ವಾಹನವನ್ನು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ನೀಡಿದೆ.

ವಿಮೆಯ ಪಾಲಿಸಿಯನ್ನೂ ಒಮ್ಮೆ ಓದಬೇಕು. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ಎನ್‌ಸಿಬಿ ರಿಯಾಯಿತಿ 20 ಪ್ರತಿಶತದಿಂದ ಆರಂಭವಾಗಿ ಐದು ವರ್ಷಕ್ಕೆ 50 ಪ್ರತಿಶತ ಮುಟ್ಟುತ್ತದೆ. ಆರೇಳು ವರ್ಷದ ಗಾಡಿಯ ಪೂರ್ಣ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆ ಇದ್ದರೆ, ಇತ್ತೀಚೆಗೆ ಕ್ಲೇಮು ಆಗಿದೆ ಅಥವಾ ವಿಮೆ ನಡುವೆ ತಪ್ಪಿದೆ, ಯಾವುದೆಂದು ಕೇಳಿ. ಆರ್‌ಸಿಯಲ್ಲಿ ಹೈಪೋಥಿಕೇಶನ್ (ಗಾಡಿ ಸಾಲಕ್ಕೆ ಅಡವಿದೆ ಎಂಬುದು) ನಮೂದಿದ್ದರೆ ಫೈನಾನ್ಸಿನವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದನ್ನು ತೆಗೆಸಲು ಸಹಿ ಹಾಕಿದ 35ನೇ ನಮೂನೆ ಎರಡೂ ಕೈಗೆ ಬರಬೇಕು. ‘ಸಾಲ ತೀರಿದೆ, ಕಾಗದ ಆಮೇಲೆ ಬರುತ್ತದೆ’ ಎಂಬ ಮಾತಿಗೆ ವ್ಯವಹಾರದಲ್ಲಿ ಬೆಲೆಯಿಲ್ಲ.

ಗಾಡಿ ಎಲ್ಲಿ ದುಡಿದದ್ದು

ನೋಂದಣಿ ಸಂಖ್ಯೆಯ ಮೊದಲ ಅಂಕಿಗಳೇ ಒಂದಿಷ್ಟು ಸುಳಿವು ಕೊಡುತ್ತವೆ. ಕೆಎ 19, 20, 30 ಎಂದರೆ ಮಂಗಳೂರು, ಉಡುಪಿ, ಕಾರವಾರ; ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲದ ನಾಡು. ಅದರಲ್ಲೂ ಮೀನು ಸಾಗಿಸಿದ ಗಾಡಿಯಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಬಾಡಿಯ ಸಂದುಗಳಿಂದ ಚಾಸಿಸ್ ಮೇಲೆ ತೊಟ್ಟಿಕ್ಕಿರುತ್ತದೆ. ರಸಗೊಬ್ಬರ ಹೊತ್ತ ಗಾಡಿಗೂ ಕೋಳಿ ಸಾಗಿಸಿದ ಗಾಡಿಗೂ ಇದೇ ಬಗೆಯ ಕೇಡು ಬೇರೆ ದಾರಿಯಿಂದ ಬರುತ್ತದೆ: ಗೊಬ್ಬರದ ಲವಣಗಳೂ ಕೋಳಿಹಿಕ್ಕೆಯೂ ತೇವದೊಡನೆ ಸೇರಿ ತಗಡನ್ನು ತಿನ್ನುತ್ತವೆ. ಬಾಡಿಯ ನೆಲವನ್ನು ಮುಚ್ಚಿದ ರಬ್ಬರ್ ಮ್ಯಾಟನ್ನೋ ಹೊಸ ಶೀಟನ್ನೋ ಎತ್ತಿ ನೋಡಲು ಬಿಡದ ಗಾಡಿಯಿಂದ ದೂರವಿರುವುದು ಲೇಸು. ಚಿಕ್ಕಮಗಳೂರು, ಮಡಿಕೇರಿ ಕಡೆಯ ಗಾಡಿಗಳಲ್ಲಿ ಘಾಟಿಯ ಕಾರಣ ಕ್ಲಚ್ಚು ಮತ್ತು ಬ್ರೇಕು ಸವೆದಿರಬಹುದು, ಅದು ರಿಪೇರಿಯಾಗುವ ದೋಷ. ಬಯಲುಸೀಮೆಯಲ್ಲಿ ತರಕಾರಿ, ದಿನಸಿ ಸಾಗಿಸಿದ, ಒಬ್ಬರೇ ಮಾಲೀಕರು ತಾವೇ ಓಡಿಸಿದ ಗಾಡಿ ಸಿಕ್ಕರೆ, ಬಣ್ಣ ಮಾಸಿದ್ದರೂ ನಾನು ಅದನ್ನೇ ಮೊದಲು ನೋಡುತ್ತೇನೆ.

ಕೆಳಗಿನಿಂದ ಪರಿಶೀಲನೆ

ಗಾಡಿಯನ್ನು ಸರ್ವಿಸ್ ರ‍್ಯಾಂಪಿಗೆ ಹತ್ತಿಸಿ ನೋಡುವುದು ಉತ್ತಮ. ಅದಿಲ್ಲದಿದ್ದರೆ ನೆಲಕ್ಕೆ ಗೋಣಿ ಹಾಸಿ, ಟಾರ್ಚು ಹಿಡಿದು ಮಲಗಲೇಬೇಕು. ಪಿಕಪ್ಪಿನ ಉದ್ದಕ್ಕೂ ಎರಡು ಕಬ್ಬಿಣದ ತೊಲೆಗಳು, ಅವನ್ನು ಜೋಡಿಸುವ ಅಡ್ಡಪಟ್ಟಿಗಳು ಏಣಿಯಂತೆ ಇರುತ್ತವೆ. ಮಿತಿ ಮೀರಿ ಹೊರಿಸಿದಾಗ ಈ ತೊಲೆಗಳು ದಣಿಯುವುದು ಮುಖ್ಯವಾಗಿ ಎರಡು ಕಡೆ: ಕ್ಯಾಬಿನ್ ಮುಗಿದು ಲೋಡ್ ಬಾಡಿ ಆರಂಭವಾಗುವಲ್ಲಿ, ಮತ್ತು ಹಿಂದಿನ ಪಾಟಾಗಳನ್ನು ಚಾಸಿಸಿಗೆ ಹಿಡಿದಿರುವ ಬ್ರಾಕೆಟ್ಟುಗಳ ಸುತ್ತ. ಈ ಜಾಗಗಳಲ್ಲಿ ಕೂದಲೆಳೆಯಂಥ ಬಿರುಕು, ವೆಲ್ಡಿಂಗಿನ ಗಂಟು, ಮೇಲೆ ಕೂರಿಸಿದ ತಗಡಿನ ಪ್ಯಾಚು, ಸಡಿಲಗೊಂಡ ರಿವೆಟ್ಟುಗಳನ್ನು ಹುಡುಕಿ. ಉಳಿದ ಭಾಗವೆಲ್ಲ ಧೂಳು ಹಿಡಿದಿದ್ದು ಅಲ್ಲಿ ಮಾತ್ರ ಹೊಸ ಕಪ್ಪು ಬಣ್ಣ ಹೊಳೆಯುತ್ತಿದ್ದರೆ, ಬಣ್ಣದ ಕೆಳಗೆ ಏನಿದೆಯೆಂದು ಕೆರೆದು ನೋಡಲು ಅನುಮತಿ ಕೇಳಿ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಮಂಕಾದ ಸದ್ದು ಕೊಟ್ಟು ಪದರ ಉದುರಿಸುತ್ತದೆ.

ಬಾಗಿದ ಚಾಸಿಸನ್ನು ಗುರುತಿಸಲು ಯಂತ್ರವೇನೂ ಬೇಡ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ: ಕ್ಯಾಬಿನ್ನಿಗೂ ಲೋಡ್ ಬಾಡಿಗೂ ನಡುವಿನ ಸಂದು ಕೆಳಗಿನಿಂದ ಮೇಲಿನವರೆಗೆ ಒಂದೇ ಅಗಲವಿರಬೇಕು, ಮೇಲಕ್ಕೆ ಹೋದಂತೆ ಅಗಲವಾದರೆ ಹಿಂಭಾಗ ಕುಸಿದಿದೆ. ಬಳಿಕ ಅಳತೆ ಟೇಪಿನಿಂದ ಮುಂದಿನ ಚಕ್ರದ ನಡುಬಿಂದುವಿನಿಂದ ಹಿಂದಿನ ಚಕ್ರದ ನಡುಬಿಂದುವಿಗೆ ಎರಡೂ ಬದಿಯಲ್ಲಿ ಅಳೆಯಿರಿ. ಸ್ಟಿಯರಿಂಗ್ ನೇರವಿದ್ದಾಗ ಎರಡೂ ಕಡೆಯ ಅಳತೆ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಇಂಚಿನ ಆಸುಪಾಸಿನ ವ್ಯತ್ಯಾಸ ಬಂದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಆಮೇಲೆ ಪಾಟಾಗಳು. ಎರಡೂ ಬದಿಯ ಎಲೆಗಳನ್ನು ಎಣಿಸಿ ಸಮ ಇವೆಯೇ, ನಡುವೆ ಯಾವುದಾದರೂ ಬೇರೆ ಬಣ್ಣದ, ಬೇರೆ ದಪ್ಪದ ಎಲೆ ಸೇರಿದೆಯೇ ನೋಡಿ. ಎಕ್ಸ್‌ಟ್ರಾ ಪಾಟಾ ಹಾಕಿಸಿದ್ದಾರೆಂದರೆ ಗಾಡಿಗೆ ಅದರ ಮಿತಿ ಸಾಲಲಿಲ್ಲ ಎಂದರ್ಥ, ಅದನ್ನು ಸೌಲಭ್ಯವೆಂದು ಮಾರುವವರು ವರ್ಣಿಸುವುದು ತಮಾಷೆಯ ಸಂಗತಿ. ಆಕ್ಸಲ್ಲಿನ ಮೇಲೆ, ಚಾಸಿಸಿನ ಕೆಳಗೆ ಇರುವ ರಬ್ಬರ್ ಬಂಪ್ ಸ್ಟಾಪುಗಳನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಯಾರೂ ಬದಲಿಸಿಯೂ ಇರುವುದಿಲ್ಲ. ಅವು ಜಜ್ಜಿ ಹರಿದುಹೋಗಿ, ಕಬ್ಬಿಣಕ್ಕೆ ಕಬ್ಬಿಣ ಬಡಿದ ಹೊಳಪಿನ ಗುರುತಿದ್ದರೆ ಗಾಡಿ ನಿತ್ಯವೂ ಓವರ್‌ಲೋಡಿನಲ್ಲಿ ಓಡಿದೆ. ನನ್ನ ಮಟ್ಟಿಗೆ ಮೀಟರಿನ ಓದಿಗಿಂತ ಈ ರಬ್ಬರಿನ ತುಂಡು ಹೆಚ್ಚು ನಂಬಲರ್ಹ.

ಹಿಂದಿನ ಆಕ್ಸಲ್ಲಿನ ಹೌಸಿಂಗಿನಿಂದ ಎಣ್ಣೆ ಸೋರಿ ಚಕ್ರದ ಒಳಬದಿಗೆ ಹರಿದಿದ್ದರೆ ಬ್ರೇಕ್ ಶೂ ನೆನೆದಿರುತ್ತದೆ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಚಿ ಅದರ ಕೀಲುಗಳಾದ ಕ್ರಾಸುಗಳ ಸಡಿಲ ನೋಡಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 3522 ಎಂದರೆ 2022ರ 35ನೆಯ ವಾರ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿರಬಹುದು ಅಥವಾ ಮುಂದಿನ ಆಕ್ಸಲ್ ಏಟು ತಿಂದಿರಬಹುದು.

ಕೊನೆಯದಾಗಿ, ಚಾಸಿಸ್ ತೊಲೆಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಟಿಒ ಕಚೇರಿಯಲ್ಲೂ ಮಾಡುವುದು ಇದನ್ನೇ. ಅಂಕಿಗಳ ಸಾಲು ಓರೆಯಾಗಿದ್ದರೆ, ಸುತ್ತ ಗ್ರೈಂಡರ್ ಆಡಿಸಿದ ಗುರುತಿದ್ದರೆ, ಅಥವಾ ಆರ್‌ಸಿಯೊಡನೆ ಒಂದು ಅಕ್ಷರ ಹೊಂದದಿದ್ದರೂ ಆ ಗಾಡಿಯ ಸಹವಾಸ ಬೇಡ. ಎಂಜಿನ್ ಸಂಖ್ಯೆಗೂ ಇದೇ ನಿಯಮ.

ಎಂಜಿನ್

ತಣ್ಣಗಿರುವ ಎಂಜಿನ್ನನ್ನೇ ನೋಡಬೇಕು. ‘ನೀವು ಬರುತ್ತೀರೆಂದು ಸ್ಟಾರ್ಟ್ ಮಾಡಿಟ್ಟಿದ್ದೆವು’ ಎಂದರೆ ಮರುದಿನ ಬೆಳಿಗ್ಗೆ ಬರುತ್ತೇವೆಂದು ಹೇಳಿ ಹಿಂತಿರುಗಿ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆಯ ತೆಳುಪದರವಿದೆಯೇ, ಕೂಲಂಟಿನ ಬದಲು ಬರೀ ನೀರು ಹಾಕಿ ತುಕ್ಕಿನ ಬಣ್ಣ ಬಂದಿದೆಯೇ ಪರೀಕ್ಷಿಸಿ. ಆಯಿಲ್ ಗೇಜಿನ ಎಣ್ಣೆ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಸೇರಿದೆ. ಸ್ಟಾರ್ಟ್ ಆದ ಬಳಿಕ ಎಣ್ಣೆ ಹಾಕುವ ಮುಚ್ಚಳವನ್ನು ತೆರೆದು ಅದರ ಮೇಲೆಯೇ ಸಡಿಲವಾಗಿ ಇಟ್ಟಾಗ ಅದು ಹಾರಿಬೀಳುವಷ್ಟು ಒತ್ತಡದಿಂದ ಹೊಗೆ ಬಂದರೆ, ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುವ ದೋಷವದು. ರಿಂಗು, ಪಿಸ್ಟನ್ನು, ಸ್ಲೀವುಗಳ ಖರ್ಚು ಮುಂದಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು ಅಥವಾ ಇಂಜೆಕ್ಟರ್ ಕೆಟ್ಟಿರಬಹುದು. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿ, ಎಂಜಿನ್ ಓಡಿದ ಬಳಿಕ ಆರಬೇಕು. ಮೊದಲಿಗೆ ಹೊತ್ತದೇ ಇರುವ ದೀಪದ ಬಲ್ಬನ್ನು ಯಾರೋ ತೆಗೆದಿರಬಹುದು.

ಲೋಡು ಹಾಕಿ ಓಡಿಸುವುದು

ಖಾಲಿ ಪಿಕಪ್ಪನ್ನು ಓಡಿಸಿ ನೋಡಿದರೆ ತಿಳಿಯುವುದು ಕಡಿಮೆ. ನಿಮ್ಮದೇ ಹತ್ತಿಪ್ಪತ್ತು ಮೂಟೆ ಸರಕು ಹೇರಿ, ಏರು ಇಳಿವು ಇರುವ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಲು ಒಪ್ಪಿಸಿ. ಏರಿನಲ್ಲಿ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎರಡನೆಯ ಅಥವಾ ಮೂರನೆಯ ಗೇರು ತಾನಾಗಿ ಕಳಚಿಕೊಂಡರೆ ಗೇರ್ ಬಾಕ್ಸ್ ಇಳಿಸಬೇಕಾದೀತು. ಐವತ್ತು, ಅರವತ್ತರ ವೇಗದಲ್ಲಿ ಹಿಂದಿನಿಂದ ಗೊಂಯ್ಯೆನ್ನುವ ಸದ್ದು ಕೇಳಿಸಿ, ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಅದರ ಸ್ವರ ಬದಲಾದರೆ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಸವೆದಿದೆ. ಒದ್ದೆ ನೆಲದ ಮೇಲೆ ನೇರವಾಗಿ ಹಾಯಿಸಿ, ಇಳಿದು ಟೈರಿನ ಅಚ್ಚು ನೋಡಿ. ಹಿಂದಿನ ಚಕ್ರಗಳು ಮುಂದಿನವುಗಳಿಂದ ಒಂದೇ ಬದಿಗೆ ಸರಿದು ಓಡಿದ್ದರೆ ಗಾಡಿ ಅಡ್ಡ ಓಡುತ್ತಿದೆ. ಬಂದು ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಕೈಯಿಟ್ಟು ಯಾವುದಾದರೂ ಒಂದು ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದೆಯೇ ನೋಡಿ. ಹಾಗಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗುತ್ತಿದೆ.

ಬೆಲೆ, ಪಾವತಿ, ವರ್ಗಾವಣೆ

ಬೆಲೆ ಕೇಳುವ ಮೊದಲು, ಮೊದಲ ಮೂರು ತಿಂಗಳಲ್ಲಿ ಮಾಡಿಸಲೇಬೇಕಾದ ಕೆಲಸಗಳನ್ನು ಬರೆದು ಸ್ಥಳೀಯ ಮೆಕ್ಯಾನಿಕ್ಕಿನಿಂದ ಒಂದೊಂದಕ್ಕೂ ಅಂದಾಜು ಪಡೆಯಿರಿ: ಟೈರು, ಬ್ಯಾಟರಿ, ಕ್ಲಚ್ಚು, ಬ್ರೇಕು, ವಿಮೆ, ಎಫ್‌ಸಿ. ಆ ಮೊತ್ತವನ್ನು ಪೇಟೆಯ ಬೆಲೆಯಿಂದ ಕಳೆದದ್ದೇ ನಿಮ್ಮ ಬೆಲೆ. ಇದರ ಹೊರತಾಗಿ ಕೈಯಲ್ಲಿರುವ ಹಣದ ಐದನೆಯ ಒಂದು ಭಾಗವನ್ನಾದರೂ ಗಾಡಿಗೆ ಹಾಕದೆ ಉಳಿಸಿಕೊಳ್ಳಬೇಕು. ಸಾಲದ ಕಂತು ಬಾಡಿಗೆ ಸಿಗುವವರೆಗೆ ಕಾಯುವುದಿಲ್ಲ. ಬ್ರೋಕರ್ ಮೂಲಕ ಕೊಳ್ಳುವಾಗಲೂ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರನ್ನು ಕಂಡು ಮಾತಾಡಿ, ಹಣವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ.

ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕಚೇರಿಯ ಎನ್‌ಒಸಿಗಾಗಿ 28ನೇ ನಮೂನೆಯೂ, ಇಲ್ಲಿ ಹೊಸದಾಗಿ ತೆರಿಗೆಯೂ ಸೇರುತ್ತವೆ. ತಮಿಳುನಾಡಿನ ಅಥವಾ ಮಹಾರಾಷ್ಟ್ರದ ಗಾಡಿ ಅಗ್ಗವೆಂದು ಕಾಣುವುದು ಈ ತೆರಿಗೆಯನ್ನು ಕೂಡಿಸುವವರೆಗೆ ಮಾತ್ರ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಬೇಕು, ಕೊಂಡವರು 30 ದಿನಗಳಲ್ಲಿ ಅರ್ಜಿ ಹಾಕಬೇಕು. ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ಓಡಿಸುವ ರೂಢಿ ನಮ್ಮಲ್ಲಿದೆ. ಆದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮಾರುವವರು ವರ್ಗಾವಣೆಗೆ ಹಿಂದೇಟು ಹಾಕಿದಾಗ ಈ ಮಾತನ್ನು ಅವರ ಗಮನಕ್ಕೆ ತಂದರೆ ಸಾಮಾನ್ಯವಾಗಿ ಅವರೇ ಅವಸರಪಡುತ್ತಾರೆ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಎನ್‌ಸಿಬಿ ಹಳೆಯ ಮಾಲೀಕರಿಗೆ ಸೇರಿದ್ದು, ಗಾಡಿಯೊಡನೆ ಬರುವುದಿಲ್ಲವಾದ್ದರಿಂದ ವ್ಯತ್ಯಾಸದ ಮೊತ್ತವನ್ನು ನೀವು ಕಟ್ಟಬೇಕಾಗುತ್ತದೆ. ಫಾಸ್ಟ್ಯಾಗನ್ನು ಮಾಲೀಕರಿಂದ ಮುಚ್ಚಿಸಿ ನಿಮ್ಮ ಹೆಸರಿನ ಹೊಸದನ್ನು ಅಂಟಿಸಿ. ಗಾಡಿ ಕೈಗೆ ಬಂದ ವಾರದಲ್ಲೇ ಎಂಜಿನ್, ಗೇರ್ ಬಾಕ್ಸ್, ಹೌಸಿಂಗ್ ಮೂರರ ಎಣ್ಣೆಯನ್ನೂ ಎಲ್ಲ ಫಿಲ್ಟರುಗಳನ್ನೂ ಬದಲಿಸಿ, ಆ ದಿನದ ಮೀಟರ್ ಓದನ್ನು ಬರೆದಿಡಿ. ಹಿಂದಿನ ಸರ್ವಿಸ್ ಲೆಕ್ಕ ಹೇಗೇ ಇರಲಿ, ಮುಂದಿನ ಲೆಕ್ಕ ಅಲ್ಲಿಂದ ಆರಂಭವಾಗಲಿ.